ಹುಲ್ಲುಮಚ್ಚು (ಕುಂದಾ)

ನೀಲಗಿರಿ ಜಿಲ್ಲೆಯ ಕುಂದಾ ತಾಲ್ಲೂಕಿನ ಇಳಿಜಾರುಗಳಲ್ಲಿ ಎತ್ತರದ ಹುಲ್ಲು, ಕುರುಚಲು ಸವರಲು ಬಳಸಬಹುದಾದ ಉದ್ದಲಗಿನ ಕೈಯಾಯುಧ. ದನದ ಮೇವಿಗೆ ಹಿಡಿಹಿಡಿಯಾಗಿ ಕೊಯ್ಯಲು ಕುಡುಗೋಲೇ ವಾಸಿ. ಮಚ್ಚು ಬೀಸಿ ಕೊಯ್ಯುವ ಕೆಲಸಕ್ಕೆ.

ಹಸಿ ಹುಲ್ಲು ಪೆಟ್ಟಿಗೆ ಎದುರು ನಿಲ್ಲದೆ ಬಾಗಿಬಿಡುತ್ತದೆ. ಅದನ್ನು ಕತ್ತರಿಸುವುದು ತೂಕವಲ್ಲ, ಅಲಗಿನ ತುದಿಯ ವೇಗ ಮತ್ತು ಹರಿತ. ಆದ್ದರಿಂದ 45ರಿಂದ 60 ಸೆಂ.ಮೀ. ಉದ್ದದ, ಸುಮಾರು 2 ಮಿ.ಮೀ. ದಪ್ಪದ ತೆಳು ಅಲಗು ಸೂಕ್ತ. ಕಟ್ಟಿಗೆ ಕಡಿಯುವ ದಪ್ಪ, ಗಿಡ್ಡ ಮಚ್ಚು ಇಲ್ಲಿ ತೋಳು ನೋಯಿಸುತ್ತದೆಯೇ ಹೊರತು ಹುಲ್ಲು ಕೊಯ್ಯದು. ಕಡಿದಾದ ಕಲ್ಲುನೆಲದಲ್ಲಿ ಮಾತ್ರ ಸ್ವಲ್ಪ ಗಿಡ್ಡದ್ದೇ ಕ್ಷೇಮ.

ಹಿಡಿಯ ವಿಷಯದಲ್ಲಿ ಜಿಪುಣತನ ಸಲ್ಲದು. ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಹಾದು, ಮೊಳೆಗಳಿಂದ ಬಿಗಿದಿರಬೇಕು. ಹಿಡಿಯ ತುದಿ ಕೊಕ್ಕಿನಂತೆ ಬಾಗಿದ್ದರೆ ಒದ್ದೆ ಕೈಯಿಂದ ಜಾರದು. ಮಳೆನಾಡಿನಲ್ಲಿ ಇದು ಸಣ್ಣ ಮಾತಲ್ಲ: ಇದೇ ಭಾಗದ ಅವಲಾಂಚಿಯಲ್ಲಿ 2019ರ ಆಗಸ್ಟ್‌ನಲ್ಲಿ ಒಂದೇ ದಿನ 80 ಸೆಂ.ಮೀ. ಮೀರಿ ಮಳೆ ಸುರಿದಿತ್ತು. ಇಂಗಾಲದ ಉಕ್ಕು ಅರಕ್ಕೆ ಬೇಗ ಹರಿತವಾಗುತ್ತದೆ, ಅಷ್ಟೇ ಬೇಗ ತುಕ್ಕೂ ಹಿಡಿಯುತ್ತದೆ. ಒರೆಸಿ ಎಣ್ಣೆ ಸವರಿಡಬೇಕು.

ನೀಲಗಿರಿಯಲ್ಲಿ ಕಬ್ಬಿಣದ ಕೆಲಸ ಹಿಂದೆ ಕೋತ ಬುಡಕಟ್ಟಿನವರದು. ಅವರ ಏಳು ಊರುಗಳಲ್ಲಿ ಕುಂದಾ ಕೋತಗಿರಿಯೂ ಒಂದು. ಬೇಸಾಯ ಮಾಡುವ ಬಡಗ ಸಮುದಾಯಕ್ಕೆ ಬೇಕಾದ ಕತ್ತಿ, ಕುಡುಗೋಲುಗಳನ್ನು ಕೋತರು ಬಡಿದುಕೊಟ್ಟು ಪ್ರತಿಯಾಗಿ ಧಾನ್ಯ ಪಡೆಯುತ್ತಿದ್ದರು. 20ನೆಯ ಶತಮಾನದಲ್ಲಿ ಈ ಕೊಡುಕೊಳೆ ಕುಗ್ಗಿ, ಪೇಟೆಯ ಸರಕು ಆ ಜಾಗಕ್ಕೆ ಬಂತು.