ಧಾರಾವಿಯ ಅಟ್ಟಕ್ಕೆ ಬಂದ ತೇಗ

ಗಣೇಶನ ಹಬ್ಬ ಹತ್ತಿರ ಬಂತೆಂದರೆ ಮನೆಗೆ ಬಣ್ಣ ಬಳಿಸುವ ಮಾತು ಎಲ್ಲರ ಮನೆಯಲ್ಲೂ ಏಳುತ್ತದೆ. ಧಾರಾವಿಯಲ್ಲಿ ಈಗ ಆ ಮಾತಿನ ಬಾಲಕ್ಕೆ ಇನ್ನೊಂದು ಪ್ರಶ್ನೆ ಅಂಟಿಕೊಂಡಿದೆ. ಹೇಗೂ ಒಡೆಯುವ ಮನೆ, ಖರ್ಚು ಯಾಕೆ? 2022ರ ಕೊನೆಗೆ ಪುನರ್ವಿಕಾಸದ ಟೆಂಡರು ಅದಾನಿ ಸಮೂಹಕ್ಕೆ ಹೋಯಿತು. 2024ರಲ್ಲಿ ಮನೆ ಮನೆಯ ಸಮೀಕ್ಷೆ ಶುರುವಾಯಿತು. ಅರ್ಹರಾದವರಿಗೆ 350 ಚದರಡಿಯ ಮನೆ ಎಂದು ಹೇಳಿದ್ದಾರೆ. ಆದರೆ ಒಡೆಯುವವರು ಬರುವ ತನಕ ನೀವು ಇರುವುದು ಇದೇ ಖೋಲಿಯಲ್ಲಿ ತಾನೇ?

90 ಫೀಟ್ ರಸ್ತೆಯ ಒಳಗಲ್ಲಿಯಲ್ಲಿ ನನ್ನ ಪರಿಚಯದ ಮನೆಯೊಂದಿದೆ. ಕಲಬುರಗಿ ಕಡೆಯವರು. ಒಳಗೆ ಕಾಲಿಟ್ಟರೆ ಕಪ್ಪು ಪಾಲಿಶಿನ ದೊಡ್ಡ ಕಪಾಟು, ದಪ್ಪ ಹಲಗೆಯ ಬಾಗಿಲು, ತಲೆಯ ಮೇಲೆ ಅಟ್ಟ ಹೊತ್ತ ತೊಲೆಗಳು. ಇಲ್ಲಿ ಎಲ್ಲರೂ ಅದನ್ನು ‘ಪೋಟಮಾಳಾ’ ಎನ್ನುತ್ತಾರೆ. ಹೋದ ಸಲ ಹೋದಾಗ ಸೊಸೆ, “ಅತ್ತಿ, ಮನಿ ಕತ್ತಲಿ ಕತ್ತಲಿ ಆಗೇದ್ರಿ, ಇದನ್ನೆಲ್ಲ ತಗದು ಬಿಳಿ ಸನ್‌ಮೈಕಾ ಹಾಕಸೋಣ” ಅನ್ನುತ್ತಿದ್ದಳು. ಅತ್ತೆ, “ಬರ್ಮಾ ಸಾಗವಾನಿ ಅದು, ಮುಟ್ಟಬ್ಯಾಡವ್ವಾ” ಅಂದರು. ಇಬ್ಬರ ಮಾತೂ ಅರ್ಧರ್ಧ ಸರಿ ಅನ್ನಿಸಿತು. ಯಾಕೆಂದು ಹೇಳಬೇಕಾದರೆ ನಿಮ್ಮನ್ನು ಸ್ವಲ್ಪ ದೂರ ಕರೆದೊಯ್ಯಬೇಕು.

ಅಮೆರಿಕದಲ್ಲಿ ಮಕ್ಕಳಿರುವವರು ಅಲ್ಲಿನ ಹಳೆ ಮನೆಗಳ ಅಡುಗೆಮನೆಯಲ್ಲಿ ಓಕ್ ಮರದ ಕಪಾಟು ನೋಡಿರುತ್ತೀರಿ. ಅವರಿಗೆ ಓಕ್ ಹೇಗೋ ನಮಗೆ ತೇಗ ಹಾಗೆ. ಈ ಎರಡು ಮರಗಳ ಕತೆ ಒಮ್ಮೆ ನಮ್ಮ ಮುಂಬಯಿಯಲ್ಲೇ ಕೂಡಿಕೊಂಡಿತ್ತು. ಬ್ರಿಟಿಷರ ಯುದ್ಧನೌಕೆಗಳು ಓಕ್ ಮರದವು. ನೆಪೋಲಿಯನ್ ಜೊತೆಗಿನ ಯುದ್ಧಗಳ ಹೊತ್ತಿಗೆ ಅವರಲ್ಲಿ ಒಳ್ಳೆಯ ಓಕ್ ಸಾಲದೇ ಬಂತು. ಆಗ ಕಣ್ಣು ಬಿದ್ದದ್ದು ಮುಂಬಯಿ ಗೋದಿಯ ಮೇಲೆ, ಅಲ್ಲಿನ ವಾಡಿಯಾ ಮನೆತನದ ಪಾರ್ಸಿ ಕುಶಲಿಗಳ ಮೇಲೆ. ಅವರು ಮಲಬಾರಿನ ತೇಗದಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೋಮಲಿ’ ಹಡಗು ಇವತ್ತಿಗೂ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ತೇಲುತ್ತಿದೆ. ಇನ್ನೂರು ವರ್ಷ ದಾಟಿದ ಮರ! ತೇಗದಲ್ಲಿ ಸಹಜವಾದ ಎಣ್ಣೆಯ ಅಂಶವಿದೆ. ಅದಕ್ಕೇ ನೀರಿಗೂ ಗೆದ್ದಲಿಗೂ ಅದು ಬೇಗ ಸೋಲುವುದಿಲ್ಲ.

ಮರ ಬಂದದ್ದು ಮಲಬಾರಿನಿಂದ ಮಾತ್ರವಲ್ಲ, ನಮ್ಮ ಊರ ಕಡೆಯಿಂದಲೂ. ಹಳಿಯಾಳ, ದಾಂಡೇಲಿಯ ಕಾಡಿನ ತೇಗವನ್ನು ಕಾಳಿ ನದಿಯಲ್ಲಿ ತೇಲಿಸಿ ಕರಾವಳಿಗೆ ಇಳಿಸುತ್ತಿದ್ದರು. ಕಡಿದದ್ದು ಎಷ್ಟಾಯಿತೆಂದರೆ 1847ರಲ್ಲಿ ಮುಂಬಯಿ ಸರಕಾರ ಅಲೆಕ್ಸಾಂಡರ್ ಗಿಬ್ಸನ್ ಎಂಬ ವೈದ್ಯನನ್ನು ಅರಣ್ಯ ಸಂರಕ್ಷಕನಾಗಿ ನೇಮಿಸಬೇಕಾಯಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನೇ ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. 1956ರ ನವೆಂಬರ್ 1ರ ತನಕ ಕಾರವಾರ, ಶಿರಸಿಯವರಿಗೆ ರಾಜಧಾನಿ ಮುಂಬಯಿಯೇ. ನಾವು ಮುಂಬಯಿ ಕನ್ನಡಿಗರು ಹೊಟ್ಟೆಪಾಡಿಗೆ ಬಂದವರೆಂದು ಹೇಳಿಕೊಳ್ಳುತ್ತೇವೆ. ನಮ್ಮಲ್ಲಿ ಬಹಳ ಮಂದಿಗಿಂತ ಮುಂಚೆ ನಮ್ಮ ಮರ ಬಂದಿತ್ತು ನೋಡಿ.

ಆಮೇಲೆ ಬರ್ಮಾ. 1852ರ ಯುದ್ಧದಲ್ಲಿ ಕೆಳ ಬರ್ಮಾ ಬ್ರಿಟಿಷರ ಕೈಸೇರಿತು. 1863ರಲ್ಲಿ ಬಾಂಬೆ ಬರ್ಮಾ ಟ್ರೇಡಿಂಗ್ ಕಾರ್ಪೊರೇಷನ್ ಹುಟ್ಟಿತು. ಈ ಕಂಪನಿಗೂ ಬರ್ಮಾದ ಅರಸನಿಗೂ ಮರದ ಲೆಕ್ಕದಲ್ಲಿ ಬಂದ ಜಗಳವೇ 1885ರ ಯುದ್ಧಕ್ಕೆ ನೆಪವಾಯಿತು. ಸೋತ ಅರಸ ಥೀಬಾನನ್ನು ಹೆಂಡತಿ ಮಕ್ಕಳ ಸಮೇತ ರತ್ನಾಗಿರಿಗೆ ತಂದಿಟ್ಟರು. 1916ರಲ್ಲಿ ಅವನು ಅಲ್ಲೇ ತೀರಿಕೊಂಡ. ಅತ್ತೆಯವರು ‘ಬರ್ಮಾ ಸಾಗವಾನಿ’ ಎಂದಾಗ ನನಗೆ ಆ ಅರಸನ ನೆನಪಾಗುತ್ತದೆ.

ಗಿರಗಾಂವ, ಲಾಲಬಾಗಿನ ಹಳೆಯ ಚಾಳುಗಳ ಕಂಬ, ಮೆಟ್ಟಿಲು, ಕಟಕಟೆ ಆದದ್ದು ಇಂಥ ಮರವೇ. ಧಾರಾವಿಗೆ ಮಾತ್ರ ಆ ಭಾಗ್ಯ ಆಗ ಇರಲಿಲ್ಲ. ಇದು ಕೋಳಿಗಳ ಮೀನುಗಾರಿಕೆಯ ಊರು, ಸುತ್ತ ಜೌಗು. 1887ರ ಹೊತ್ತಿಗೆ ಚರ್ಮ ಹದ ಮಾಡುವ ಕಾರ್ಖಾನೆ ಬಂತು, ಮುಂದೆ ಸೌರಾಷ್ಟ್ರದ ಕುಂಬಾರರು ಬಂದರು, ದಕ್ಷಿಣದಿಂದ ಕೂಲಿಗಳು ಬಂದರು. ಬಿದಿರು, ಚಾಪೆ, ತಗಡಿನ ಗುಡಿಸಲು. ನಾಳೆ ಪಾಲಿಕೆಯವರು ಕಿತ್ತುಹಾಕುವ ಮನೆಗೆ ತೇಗ ಯಾರು ಹಾಕಿಸುತ್ತಾರೆ?

1976ರಲ್ಲಿ ಗುಡಿಸಲುಗಳ ಗಣತಿಯಾಗಿ ಫೋಟೋಪಾಸ್ ಕೈಗೆ ಬಂದ ಮೇಲೆ ಜನಕ್ಕೆ ಸ್ವಲ್ಪ ಧೈರ್ಯ ಬಂತು. 1985ರಲ್ಲಿ ಪ್ರಧಾನಿ ರಾಜೀವ್ ಗಾಂಧಿ ಮುಂಬಯಿಗೆ ಘೋಷಿಸಿದ 100 ಕೋಟಿ ರೂಪಾಯಿಯಲ್ಲಿ ಧಾರಾವಿಗೂ ಪಾಲಿತ್ತು. ಇಟ್ಟಿಗೆ ಗೋಡೆ ಎದ್ದವು. ಸಂಸಾರ ಬೆಳೆದಂತೆ ಮನೆ ಮೇಲಕ್ಕೆ ಬೆಳೆಯಿತು. ಅಟ್ಟಕ್ಕೆ ತೊಲೆ ಬೇಕಲ್ಲ? ಹೊಸ ತೇಗ ಕೈಗೆಟುಕದು. ಒಡೆದ ಹಳೆ ಕಟ್ಟಡಗಳ ಮರ ಮಾತ್ರ ಘನ ಅಡಿ ಲೆಕ್ಕದಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ನಿಮ್ಮ ಅಟ್ಟದ ತೊಲೆಯನ್ನು ಒಮ್ಮೆ ಟಾರ್ಚ್ ಹಿಡಿದು ನೋಡಿ. ಯಾವುದಕ್ಕೂ ಸಂಬಂಧವಿಲ್ಲದ ತೂತು, ಖಾಲಿ ಬಿಟ್ಟ ಕಚ್ಚು, ಹಳೆ ಮೊಳೆಯ ಗುರುತು ಕಂಡರೆ ಆ ಮರ ಹಿಂದೊಮ್ಮೆ ಇನ್ಯಾರದೋ ಸೂರು ಹೊತ್ತಿತ್ತು ಅಂತಲೇ ತಿಳಿಯಿರಿ.

ಸೊಸೆ ಕೇಳಿದ ಸನ್‌ಮೈಕಾ ಬೇರೆ ಸಂತತಿ. ಹೆಸರು ಒಂದು ಕಂಪನಿಯದು, ಈಗ ಎಲ್ಲ ಲ್ಯಾಮಿನೇಟಿಗೂ ಅದೇ ಹೆಸರಾಗಿಬಿಟ್ಟಿದೆ. ಕಾಗದದ ಪದರಗಳನ್ನು ರಾಳದಲ್ಲಿ ಅದ್ದಿ ಬಿಸಿಯಲ್ಲಿ ಒತ್ತಿದ ಹಾಳೆ ಅದು. ಮೇಲಿನ ಕಾಗದದಲ್ಲಿ ಮರದ ಚಿತ್ರ ಅಚ್ಚಾಗಿರುತ್ತದೆ. ಅಂಗಡಿಯಲ್ಲಿ ‘ಓಕ್’ ಹೆಸರಿನ ಹಾಳೆ ಕೇಳಿ, ಹತ್ತು ಬಗೆ ಹಾಸುತ್ತಾರೆ. ಓಕ್ ಧಾರಾವಿಗೆ ಬಂದದ್ದು ಹೀಗೆ, ಚಿತ್ರವಾಗಿ! ಒರೆಸಲು ಸುಲಭ, ಅಡುಗೆ ಕಟ್ಟೆಗೆ ನಾನೇ ಹಾಕಿಸಿದ್ದೇನೆ. ಆದರೆ ಅದಕ್ಕಾಗಿ ತೇಗದ ಕಪಾಟನ್ನು ಭಂಗಾರದವನಿಗೆ ಕೊಡುವುದು ನನಗೆ ಒಪ್ಪಿಗೆಯಿಲ್ಲ. 2014ರ ಏಪ್ರಿಲ್‌ನಿಂದ ಮ್ಯಾನ್ಮಾರ್ ದಿಮ್ಮಿಗಳ ರಫ್ತನ್ನೇ ನಿಲ್ಲಿಸಿದೆ. ಹಳೆಯ ಕಾಡಿನ ಆ ಮರ ಮತ್ತೆ ಸುಲಭಕ್ಕೆ ಸಿಗದು.

ಕತ್ತಲೆ ಇರುವುದು ಮರದಲ್ಲಲ್ಲ, ಪಾಲಿಶಿನಲ್ಲಿ. ಕಪಾಟಿನ ಬಾಗಿಲ ಒಳಮೈಯಲ್ಲಿ ಬೆರಳಗಲ ಜಾಗ ಕೆರೆದು ನೋಡಿ. ತೇಗವಾದರೆ ಕೆಳಗೆ ಹೊಂಬಣ್ಣ ಕಾಣುತ್ತದೆ, ಚರ್ಮದಂಥ ವಾಸನೆ ಬರುತ್ತದೆ. ಅರಗಿನ ಹಳೆ ಪಾಲಿಶ್ ಆದರೆ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಗೇ ಕರಗುತ್ತದೆ. ಸ್ಟವ್ ಆರಿಸಿ, ಬಾಗಿಲು ತೆರೆದಿಟ್ಟು ಮಾಡಿ. ಮೇಲೆ ಬಣ್ಣವಿಲ್ಲದ ಪಾಲಿಶ್ ಅಥವಾ ಮೇಣ ಸಾಕು. ಗೋಡೆಗೆ ತಿಳಿಬಣ್ಣ ಬಳಿದರೆ ಅದೇ ಕೋಣೆ ಹಿಗ್ಗಿದಂತೆ ಕಾಣುತ್ತದೆ.

ಬಾಗಿಲಿಗೆ ಹಳೆಯ ಎಣ್ಣೆ ಬಣ್ಣ ಬಳಿದಿದ್ದರೆ ಮಾತ್ರ ಎಚ್ಚರ. ಮನೆಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರಲ್ಲಿ. ಅದಕ್ಕೆ ಮುಂಚಿನ ಬಣ್ಣವನ್ನು ಹತ್ತು ಅಡಿಯ ಖೋಲಿಯಲ್ಲಿ ಒಣಗಿದ್ದಂತೆಯೇ ಉಜ್ಜಿದರೆ ಆ ಪುಡಿ ಮಕ್ಕಳ ಹೊಟ್ಟೆ ಸೇರುತ್ತದೆ. ಒದ್ದೆ ಮಾಡಿಯೇ ಉಜ್ಜಬೇಕು, ಆ ದಿನ ಮಕ್ಕಳು ನೆಂಟರ ಮನೆಯಲ್ಲಿರಲಿ. ಅಟ್ಟದ ತೊಲೆಯನ್ನಂತೂ ಅಂದಕ್ಕಾಗಿ ಕತ್ತರಿಸಲು ಹೋಗಬೇಡಿ. ಅದರ ಮೇಲೆ ಮಲಗಿರುವವರು ನಿಮ್ಮವರೇ. ಗೋಡೆಯೊಳಗೆ ಸೇರಿದ ತುದಿ ಮಳೆನೀರಿಗೆ ಮೆತ್ತಗಾಗಿದೆಯೇ ಎಂದು ಮಿಸ್ತ್ರಿಯಿಂದ ಕುಟ್ಟಿಸಿ ನೋಡಿಸಿ.

ಮನೆ ಖಾಲಿ ಮಾಡುವ ದಿನ ಇದನ್ನೆಲ್ಲ ನೋಡಲು ಪುರುಸೊತ್ತು ಇರುವುದಿಲ್ಲ. ಯಾವ ಹಲಗೆ ಎಷ್ಟು ಉದ್ದ, ಎಷ್ಟು ದಪ್ಪ ಎಂದು ಈಗಲೇ ಅಳೆದಿಡುವುದು ಒಳ್ಳೆಯದು. ಹಳೇ ಕಪಾಟು ಹೊಸ ಮನೆಯ ಬಾಗಿಲಲ್ಲಿ ತೂರದಿರಬಹುದು, ಅದರ ಹಲಗೆ ತೂರುತ್ತದೆ. ಕಲಬುರಗಿಯವರ ಮನೆಯಲ್ಲಿ ಸೊಸೆ ಹೋದ ವಾರ ಕಪಾಟಿನ ಒಂದು ಬಾಗಿಲು ಉಜ್ಜಿ ಮುಗಿಸಿದ್ದಾಳೆ. ಅತ್ತೆಯವರು ಕ್ಯಾಲೆಂಡರಿನ ಹಿಂದೆ ಅಟ್ಟದ ಹಲಗೆಗಳ ಅಳತೆ ಬರೆಸುತ್ತಿದ್ದರು.