ಮುಖವೆಂಬ ಕನ್ನಡಿ

ಮುಖವು ಮನಸ್ಸಿನ ಕನ್ನಡಿ ಎಂದು ತರಗತಿಗಳಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಹೇಳುತ್ತ ಬಂದವನು ನಾನು. ಆ ಕನ್ನಡಿಯನ್ನು ನೋಡಿ ತಿಳಿಯುವ ಶಕ್ತಿ ಎಲ್ಲರಲ್ಲೂ ಒಂದೇ ಸಮನಾಗಿರುವುದಿಲ್ಲವೆಂಬುದು ನನಗೆ ಬಹಳ ತಡವಾಗಿ ತಿಳಿಯಿತು.

1988ರ ಮಾತು. ಒಂಬತ್ತನೆಯ ತರಗತಿಯ ಹುಡುಗನೊಬ್ಬ ತನ್ನ ಸಹಪಾಠಿಯನ್ನು ಗೇಲಿ ಮಾಡುತ್ತಿದ್ದ. ಆತನ ಮುಖ ಬಾಡಿ ಕಣ್ಣು ತುಂಬಿದರೂ ಇವನು ನಿಲ್ಲಿಸಲಿಲ್ಲ. "ನಿನ್ನದು ಕಲ್ಲೆದೆ" ಎಂದು ಎಲ್ಲರೆದುರು ಬೈದು ಹೊರಗೆ ನಿಲ್ಲಿಸಿದೆ. "ಅವನು ಅಳುತ್ತಿದ್ದುದು ನನಗೆ ಗೊತ್ತೇ ಆಗಲಿಲ್ಲ ಸಾರ್" ಎಂದ. ನಾನು ನಂಬಲಿಲ್ಲ.

ನಿವೃತ್ತಿಯ ಬಳಿಕ ಈ ವಿಷಯದ ಇತಿಹಾಸವನ್ನು ಓದುತ್ತ ಹೋದಂತೆ ಆ ಮಾತು ಮತ್ತೆ ಮತ್ತೆ ನೆನಪಾಯಿತು.

ಬುದ್ಧಿ ನೆಟ್ಟಗಿದ್ದೂ ನಡತೆ ಕೆಟ್ಟವರನ್ನು ಇಂಗ್ಲೆಂಡಿನ ವೈದ್ಯ ಪ್ರಿಚರ್ಡ್ 1835ರಲ್ಲಿ 'ನೈತಿಕ ಉನ್ಮಾದ' ಎಂಬ ಹೆಸರಿನಿಂದ ವಿವರಿಸಿದ. 1902ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸವಿತ್ತ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್, ಗಮನ ನಿಲ್ಲದ, ಹಠಾತ್ತನೆ ವರ್ತಿಸುವ ಮಕ್ಕಳಲ್ಲಿ 'ನೈತಿಕ ನಿಯಂತ್ರಣದ ಕೊರತೆ'ಯನ್ನು ಕಂಡ. ಇಂದು ನಾವು ಎಡಿಎಚ್‌ಡಿ ಎನ್ನುವ ತೊಂದರೆಯ ಚರಿತ್ರೆ ಬರೆಯುವವರು ಅವನನ್ನು ತಪ್ಪದೆ ನೆನೆಯುತ್ತಾರೆ. ಅಂದರೆ, ಗಮನದ ದೋಷವೂ ಮೊದಲು ನೀತಿಯ ದೋಷವೆಂದೇ ಎಣಿಕೆಯಾಗಿತ್ತು. ಎಡಿಎಚ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಯನ್ನು ಸೇರಿದ್ದು 1987ರಲ್ಲಿ. ನನ್ನ ಬಿ.ಎಡ್. ಪಾಠಗಳಲ್ಲಿ ಅದರ ಸುಳಿವಿರಲಿಲ್ಲ.

ಮುಖಭಾವದ ಅಧ್ಯಯನ ಬೇರೆಯದೇ ದಾರಿಯಲ್ಲಿ ಬೆಳೆಯಿತು. ಫ್ರಾನ್ಸಿನ ದುಶೆನ್ 1862ರಲ್ಲಿ ಪ್ರಕಟಿಸಿದ ಛಾಯಾಚಿತ್ರಗಳನ್ನು ಡಾರ್ವಿನ್ ಇಪ್ಪತ್ತಕ್ಕೂ ಹೆಚ್ಚು ಜನರಿಗೆ ತೋರಿಸಿ, ಯಾವ ಭಾವವೆಂದು ಕೇಳಿದ. ಕೆಲವು ಚಿತ್ರಗಳಿಗೆ ಬಹುತೇಕರ ಉತ್ತರ ಒಂದೇ ಆಗಿತ್ತು, ಕೆಲವಕ್ಕೆ ಬೇರೆಬೇರೆಯಾಗಿತ್ತು. ಇದು 1872ರ ಅವನ ಗ್ರಂಥದಲ್ಲಿದೆ. 1976ರಲ್ಲಿ ಎಕ್ಮನ್ ಮತ್ತು ಫ್ರೀಸನ್ ಅಣಿಗೊಳಿಸಿದ ಚಿತ್ರಮಾಲೆಯಿಂದ ಈ ಪರೀಕ್ಷೆಗೆ ಒಂದು ಅಳತೆಗೋಲು ದೊರಕಿತು.

ಈ ಎರಡು ದಾರಿಗಳು ಕೂಡಿದ್ದು ಇತ್ತೀಚೆಗೆ. 2008ರಲ್ಲಿ ಮಾರ್ಷ್ ಮತ್ತು ಬ್ಲೇರ್ ಸಮಾಜವಿರೋಧಿ ವರ್ತನೆಯವರ ಕುರಿತ 20 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದಾಗ, ಇತರರ ಮುಖದಲ್ಲಿನ ಭಯವನ್ನು ಗುರುತಿಸುವಲ್ಲಿ ಅವರಿಗಿರುವ ಕೊರತೆ ಎದ್ದು ಕಂಡಿತು. ಎಡಿಎಚ್‌ಡಿ ಇರುವ ಮಕ್ಕಳೂ ಮುಖಭಾವ ಗುರುತಿಸುವಲ್ಲಿ ಎಡವುವುದನ್ನು ಹಲವು ಅಧ್ಯಯನಗಳು ಕಂಡಿವೆ. ಆದರೆ ಅಲ್ಲಿ ಗಮನ ಜಾರುವುದೂ ಅವಸರವೂ ಕಾರಣವಾಗಿರಬಹುದು. ಹೊರಗೆ ಕಾಣುವ ತಪ್ಪು ಒಂದೇ ಆದರೂ ಬೇರು ಒಂದೇ ಆಗಿರಬೇಕಿಲ್ಲ.

ನನ್ನನ್ನು ತಡೆದು ನಿಲ್ಲಿಸಿದ್ದು ಆಸ್ಟ್ರೇಲಿಯದ ಡ್ಯಾಡ್ಸ್ ಮತ್ತು ಸಂಗಡಿಗರ 2006ರ ಪ್ರಯೋಗ. ಪರರ ನೋವಿಗೆ ಮರುಗದ ಸ್ವಭಾವದ ಮಕ್ಕಳಿಗೆ ಚಿತ್ರದಲ್ಲಿನ ಕಣ್ಣುಗಳನ್ನೇ ನೋಡುವಂತೆ ಹೇಳಿದಾಗ, ಭಯವನ್ನು ಗುರುತಿಸುವಲ್ಲಿನ ಅವರ ಕೊರತೆ ತಾತ್ಕಾಲಿಕವಾಗಿ ಮರೆಯಾಯಿತು!

ನನ್ನ ಆ ಹುಡುಗನಿಗೆ ಯಾವ ತೊಂದರೆಯಿತ್ತೋ, ಇತ್ತೋ ಇಲ್ಲವೋ, ನಾನು ಹೇಳಲಾರೆ. ಸಮಾಜವಿರೋಧಿ ವ್ಯಕ್ತಿತ್ವದೋಷವೆಂಬ ನಿರ್ಣಯವನ್ನು 18 ತುಂಬುವ ಮೊದಲು ವೈದ್ಯರೂ ಕೊಡುವುದಿಲ್ಲ. ನಾನಾದರೋ ಒಂದೇ ನಿಮಿಷದಲ್ಲಿ ಕಲ್ಲೆದೆಯೆಂದು ತೀರ್ಪಿತ್ತಿದ್ದೆ. "ಇವನ ಕಣ್ಣು ನೋಡಪ್ಪ, ಏನು ಕಾಣಿಸುತ್ತದೆ?" ಎಂದು ಒಮ್ಮೆ ಕೇಳಬಹುದಿತ್ತು.

ನನ್ನ ಶಿಷ್ಯರಲ್ಲಿ ಈಗ ಉಪಾಧ್ಯಾಯರಾಗಿರುವವರು ಅನೇಕರಿದ್ದೀರಿ. ನಾನು ಕೇಳದೆ ಹೋದ ಆ ಪ್ರಶ್ನೆಯನ್ನು ನೀವಾದರೂ ಕೇಳಿರಿ.