ಕಡೆಗೋಲು ಮತ್ತು ಕಡಚಲು

'ಕಡೆ' ಎಂಬ ಧಾತುವಿಗೆ ಅರ್ಥವೇನೆಂದು ತರಗತಿಯಲ್ಲಿ ಕೇಳಿದರೆ ಹುಡುಗರು 'ಮೊಸರು ಕಡೆಯುವುದು' ಎನ್ನುತ್ತಾರೆ. ಸ್ವಲ್ಪ ಹೆಚ್ಚು ಓದಿಕೊಂಡವರು 'ಶಿಲೆಯಲ್ಲಿ ಮೂರ್ತಿಯನ್ನು ಕಡೆಯುವುದು' ಎಂದು ಸೇರಿಸುತ್ತಾರೆ. ಅಲ್ಲಿಗೆ ಪಾಠ ಮುಗಿಯುವುದು ವಾಡಿಕೆ. ಒಂದು ವರ್ಷ ಜೇವರ್ಗಿ ತಾಲೂಕಿನಿಂದ ಬಂದಿದ್ದ, ಬಡಿಗರ ಮನೆತನದ ಹುಡುಗನೊಬ್ಬ ಹಿಂದಿನ ಸಾಲಿನಿಂದ ಎದ್ದು, "ಮಂಚದ ಕಾಲೂ ಕಡೀತಾರಲ್ರಿ ಸರ" ಎಂದ. ತರಗತಿ ನಕ್ಕಿತು. ನಾನೂ ನಕ್ಕೆನೆಂದು ಈಗ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ. ಏಕೆಂದರೆ ಆ ಮೂರು ಅರ್ಥಗಳಲ್ಲಿ ಇತಿಹಾಸದ ಬೀಗದ ಕೈ ಇದ್ದದ್ದು ಅವನ ಮಾತಿನಲ್ಲಿ.

ಮೊಸರು ಕಡೆಯುವ ಬಗೆಯನ್ನು ಪಟ್ಟಣದ ಓದುಗರು ನೆನಪು ಮಾಡಿಕೊಳ್ಳಬೇಕು. ಕಂಬಕ್ಕೆ ಆನಿಸಿದ ಕಡೆಗೋಲು, ಅದಕ್ಕೆ ಸುತ್ತಿದ ಹಗ್ಗ, ಹಗ್ಗದ ಎರಡು ತುದಿಗಳನ್ನು ಒಂದಾದ ಮೇಲೊಂದರಂತೆ ಎಳೆಯುವ ಎರಡು ಕೈಗಳು. ಕೋಲು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುಗುತ್ತದೆ. ಈಗ ಆ ಕೋಲನ್ನು ಮನಸ್ಸಿನಲ್ಲಿಯೇ ನೆಲಕ್ಕೆ ಅಡ್ಡವಾಗಿ ಮಲಗಿಸಿರಿ. ಎರಡು ತುದಿಗಳನ್ನು ಎರಡು ಗೂಟಗಳ ಮೊಳೆಗಳ ನಡುವೆ ಸಿಕ್ಕಿಸಿರಿ. ಹಗ್ಗವನ್ನು ಒಬ್ಬ ಎಳೆಯಲಿ. ಇನ್ನೊಬ್ಬ ನೆಲದಲ್ಲಿ ಕುಳಿತು ತಿರುಗುವ ಮರಕ್ಕೆ ಉಳಿಯನ್ನು ಒಡ್ಡಲಿ. ಅದೇ ಕಡಚಲು, ಈಗ ಎಲ್ಲರೂ ಲೇತು ಎನ್ನುವ ಯಂತ್ರದ ಹಿರಿಯಜ್ಜ. ಬೆಣ್ಣೆ ತೆಗೆಯುವ ಕೆಲಸಕ್ಕೂ ಮಂಚದ ಕಾಲನ್ನು ದುಂಡಗೆ ಮಾಡುವ ಕೆಲಸಕ್ಕೂ ನಮ್ಮ ಹಿರಿಯರು ಒಂದೇ ಮಾತನ್ನು ಇಟ್ಟದ್ದು ಶಬ್ದದ ಬಡತನದಿಂದಲ್ಲ, ಎರಡೂ ಕಡೆ ಅವರು ಕಂಡ ಚಲನೆ ಒಂದೇ ಆಗಿದ್ದುದರಿಂದ. ತಮಿಳು, ಮಲಯಾಳಗಳಲ್ಲಿಯೂ ಇದೇ ಧಾತು ಇದೇ ಎರಡು ಕೆಲಸಗಳನ್ನು ಮಾಡುತ್ತದೆ. ಅಂದಮೇಲೆ ಈ ಹೋಲಿಕೆಯನ್ನು ಕಂಡ ಕಣ್ಣು ಬಹಳ ಹಳೆಯದು.

ಆಳಂದದ ಗಡಿಯಲ್ಲಿ ನಿಂತರೆ ಇನ್ನೊಂದು ಸೊಗಸು ಕಾಣುತ್ತದೆ. ಅಲ್ಲಿಂದ ಮುಂದೆ ಮರಾಠಿ. ಆ ಭಾಷೆಯಲ್ಲಿ ಮರ ಕಡೆಯುವವನು 'ಕಾತಾರಿ'. ನೂಲು ತೆಗೆಯುವುದು 'ಕಾತಣೆ'. ಕನ್ನಡಿಗನಿಗೆ ಕಡೆಗೋಲು ಕಂಡಲ್ಲಿ ಮರಾಠಿಗನಿಗೆ ಕದಿರು ಕಂಡಿತೋ ಏನೋ! ಇವೆರಡರ ಮೇಲೆ ಪಾರಸಿಯಿಂದ ಉರ್ದುವಿಗೆ ಬಂದ 'ಖರಾದಿ' ಎಂಬ ಮಾತು ಕೂಡಿಕೊಂಡಿದೆ. 1948ರ ವರೆಗೆ ಆಳಂದ, ಅಫಜಲಪುರ, ಜೇವರ್ಗಿಗಳು ನಿಜಾಮರ ಆಳ್ವಿಕೆಗೆ ಸೇರಿದ್ದವು. ಕಚೇರಿಯ ಭಾಷೆ ಉರ್ದು. 1956ರಲ್ಲಿ ಈ ನಾಡು ಮೈಸೂರು ರಾಜ್ಯವನ್ನು ಕೂಡಿಕೊಂಡಿತು, ಆದರೆ ಬಡಿಗನ ಪೆಟ್ಟಿಗೆಯಲ್ಲಿ ಉರ್ದುವಿನ ರಂದಾ ಕನ್ನಡದ ಬಾಚಿ ಮತ್ತು ಉಳಿಗಳ ಪಕ್ಕದಲ್ಲಿ ಹಾಗೆಯೇ ಉಳಿಯಿತು. ಅವುಗಳ ನಡುವೆ ಗಡಿತಂಟೆ ಎಂದೂ ನಡೆದುದಿಲ್ಲ.

ಕಡಚಲಿನ ಅತಿ ಹಳೆಯ ಚಿತ್ರವೆಂದು ವಿದ್ವಾಂಸರು ತೋರಿಸುವುದು ಈಜಿಪ್ಟಿನಲ್ಲಿ, ಪೆಟೊಸಿರಿಸ್ ಎಂಬ ಪುರೋಹಿತನ ಸಮಾಧಿಯ ಗೋಡೆಯ ಮೇಲೆ. ಕ್ರಿಸ್ತಪೂರ್ವ 300ರ ಸುಮಾರಿನದು. ಅಲ್ಲಿಯೂ ಒಬ್ಬ ಹಗ್ಗ ಎಳೆಯುತ್ತಿದ್ದಾನೆ, ಇನ್ನೊಬ್ಬ ಉಳಿ ಹಿಡಿದಿದ್ದಾನೆ. ನಮ್ಮಲ್ಲಿ ಮರ ಉಳಿಯಲಿಲ್ಲ; ಗೆದ್ದಲು, ಮಳೆಗಳಿಗೆ ಅದು ಹೋಯಿತು. ಉಳಿದದ್ದು ಕಲ್ಲು. ಇಟಗಿಯ ಮಹಾದೇವ ದೇಗುಲಕ್ಕೆ (1112) ಹೋದವರು ಒಳಗಿನ ಕಂಬಗಳ ಮೇಲೆ ಕೈಯಾಡಿಸಿ ನೋಡಬೇಕು. ಬಳೆ ಬಳೆಯಾಗಿ ಸುತ್ತಿದ ಗೆರೆಗಳು, ಗಂಟೆಯಂತೆ ಇಳಿದ ನಡು, ಚಕ್ರದಂತೆ ಅಗಲವಾದ ತಲೆ. ದೊಡ್ಡದು ಮಾಡಿ ನಿಲ್ಲಿಸಿದ ಮಂಚದ ಕಾಲಲ್ಲದೆ ಮತ್ತೇನು? ಲಕ್ಕುಂಡಿಯಲ್ಲಿಯೂ ಇದೇ ಮಾತು. ಬಳಪದ ಕಲ್ಲು ಮೆದುವಾದುದರಿಂದ ಈ ಕೆಲಸ ಸಾಧ್ಯವಾಯಿತು. ಅಷ್ಟು ಭಾರದ ಕಲ್ಲನ್ನು ಮಲಗಿಸಿ ತಿರುಗಿಸಿದರೋ ನಿಲ್ಲಿಸಿ ತಿರುಗಿಸಿದರೋ ಎಂಬ ಚರ್ಚೆ ಪಂಡಿತರಲ್ಲಿ ಇನ್ನೂ ನಡೆದಿದೆ. ನನಗೆ ತೋರುವುದಿಷ್ಟೆ: ಕಲ್ಲಿಗೆ ಆ ರೂಪ ಹೊಳೆದದ್ದಲ್ಲ, ಮರದಲ್ಲಿ ಪಳಗಿದ ಕೈ ಅದನ್ನು ಕಲ್ಲಿಗೆ ಕೊಟ್ಟಿತು.

ಇಟಗಿಯ ದೇಗುಲ ಎದ್ದ ಆ ಶತಮಾನದಲ್ಲಿಯೇ ಆಳಂದದಿಂದ ಈಶಾನ್ಯಕ್ಕೆ, ಬಹು ದೂರವಲ್ಲದ ಕಲ್ಯಾಣದಲ್ಲಿ ಒಬ್ಬ ಬಡಿಗನಿದ್ದ. ಹೆಸರು ಬಸವಪ್ಪ, ಆದರೆ ಶರಣರ ಸಾಹಿತ್ಯ ಅವನನ್ನು ಬಾಚಿಕಾಯಕದ ಬಸವಪ್ಪ ಎಂದೇ ಕರೆಯಿತು. ಊರಿನಿಂದಲ್ಲ, ಕುಲದಿಂದಲ್ಲ, ಕೈಯಲ್ಲಿದ್ದ ಉಪಕರಣದಿಂದ ಒಬ್ಬ ಕವಿಯನ್ನು ಗುರುತಿಸುವ ಪದ್ಧತಿ ಎಷ್ಟು ಸಾಹಿತ್ಯಗಳಲ್ಲಿ ಉಂಟು? ಅವನ ಅಂಕಿತದಲ್ಲಿ ವಿಶ್ವಕರ್ಮ, ಕಾಳಿಕೆಯರ ಹೆಸರುಗಳಿವೆ. ಅವನ ಮಡದಿ ಕಾಳವ್ವೆಯೂ ವಚನಕಾರ್ತಿ. ಕಾಯಕದ ಶುದ್ಧಿಯ ಮಾತು ಬಂದಾಗ ಆಕೆ ಯಾರಿಗೂ ರಿಯಾಯಿತಿ ತೋರುವವಳಲ್ಲ. ಬಾಚಿ ಮೊಂಡಾದರೆ ಕಾಯಕ ಕೆಟ್ಟಂತೆಯೇ ಎಂಬುದು ಆ ಮನೆಯಲ್ಲಿ ಯಾರೂ ಹೇಳಿಕೊಡಬೇಕಾದ ಸಂಗತಿಯಾಗಿರಲಿಕ್ಕಿಲ್ಲ.

ಉಪಕರಣವನ್ನು ಹದದಲ್ಲಿಡುವುದನ್ನೇ ನಮ್ಮ ಹಳ್ಳಿಯ ಬಾಳು ಒಂದು ಕರಾರನ್ನಾಗಿ ಮಾಡಿತ್ತು. ಬಡಿಗ ಮತ್ತು ಕಮ್ಮಾರರು ಆಯಗಾರರು. ವರ್ಷವಿಡೀ ರೈತನ ನೇಗಿಲು, ಕುಂಟೆ, ಕೂರಿಗೆಗಳನ್ನು ದುರಸ್ತಿಯಲ್ಲಿಡುವುದು ಅವರ ಭಾರ. ಸುಗ್ಗಿಯಲ್ಲಿ ಕಣಕ್ಕೆ ಬಂದು ಜೋಳದ ಆಯ ಪಡೆಯುವುದು ಅವರ ಹಕ್ಕು. ಗಮನಿಸಬೇಕು: ಜೋಳ ಸಿಗುತ್ತಿದ್ದದ್ದು ಹೊಸದನ್ನು ಮಾರಿದ್ದಕ್ಕಲ್ಲ, ಹಳೆಯದನ್ನು ಕಾಪಾಡಿದ್ದಕ್ಕೆ. ಹೊಸ ಬಂಡಿ, ತೊಟ್ಟಿಲು, ಕಡೆದ ಕಾಲಿನ ಮಂಚ ಇವೆಲ್ಲ ಆಯದ ಹೊರಗಿನವು, ಅವಕ್ಕೆ ಬೇರೆ ಕೂಲಿ. ಇದನ್ನು ಸ್ವರ್ಗವೆಂದು ಹೊಗಳುವವರ ಗುಂಪಿಗೆ ನಾನು ಸೇರಿದವನಲ್ಲ. ಬೆಳೆ ಹೋದ ವರ್ಷ ಬಡಿಗನ ಹೊಟ್ಟೆಯೂ ಹೋಯಿತು. ಜಾತಿಯ ಗೆರೆ ದಾಟಿ ಬೇರೆ ಕಸುಬು ಹಿಡಿಯುವ ದಾರಿಯೂ ಅವನಿಗೆ ಇರಲಿಲ್ಲ. ಟ್ರ್ಯಾಕ್ಟರು ಬಂತು, ಟೈರಿನ ಗಾಲಿ ಬಂತು, ಆಯ ನಿಂತಿತು. ಈಗ ಕೈಗಾರಿಕಾ ತರಬೇತಿ ಶಾಲೆಗಳಲ್ಲಿ 'ಟರ್ನರ್' ಎಂಬ ಪಾಠವುಂಟು, ಆದರೆ ಅದು ಕಬ್ಬಿಣದ ಪಾಠ. ದಕ್ಷಿಣದ ಚನ್ನಪಟ್ಟಣದಲ್ಲಿ ಆಲೆಮರದ ಗೊಂಬೆಗಳಿಂದ ಕಸುಬು ಜೀವ ಹಿಡಿದಿದೆ, ಅರಗಿನ ಬಣ್ಣ ಅದಕ್ಕೆ ಹೊರನಾಡಿನಲ್ಲಿಯೂ ಹೆಸರು ತಂದಿದೆ. ಭೀಮೆಯ ದಡದ ಖರಾದಿಗೆ ಅಂಥ ಗೊಂಬೆ ಯಾವುದೂ ಕೈಹಿಡಿಯಲಿಲ್ಲ.

ಪುಸ್ತಕದ ಮಾತು ಸಾಕೆಂದು ಒಂದು ಬೇಸಿಗೆಯಲ್ಲಿ ಅಫಜಲಪುರ ತಾಲೂಕಿನ ಒಂದು ಹಳ್ಳಿಗೆ ಹೋಗಿ, ಮುದುಕ ಖರಾದಿಯೊಬ್ಬರ ಮುಂದೆ ಕುಳಿತೆ. ಊರೆಲ್ಲ ಅವರಿಗೆ ಮುತ್ಯಾ ಎನ್ನುತ್ತದೆ. ನಾನೂ ಹಾಗೆಯೇ ಕರೆದೆ. ಕಡೆಯುವುದನ್ನು ಕಲಿಸಿರೆಂದರೆ ಅವರು ನನಗೆ ಮರ ಕೊಡಲಿಲ್ಲ, ಮೊಂಡು ಉಳಿಯನ್ನೂ ಮಸೆಗಲ್ಲನ್ನೂ ಕೊಟ್ಟರು. ಮೊದಲ ದಿನವೆಲ್ಲ ಅಷ್ಟೆ. ಬೇಸರ ಬಂದು, ಅವರು ಊಟಕ್ಕೆ ಹೋದಾಗ, ಕರೆಂಟಿನ ಸಾಣೆಗೆ ಉಳಿಯನ್ನು ಒತ್ತಿ ಹಿಡಿದೆ. ಕಿಡಿ ಹಾರಿತು, ಸಂತೋಷವಾಯಿತು. ಬಾಯಿ ನೀಲಿ ಬಣ್ಣಕ್ಕೆ ತಿರುಗಿದ್ದು ಚಂದವಾಗಿಯೇ ಕಂಡಿತು. ಬಂದವರು ನೋಡಿ, "ಉಳಿ ಸತ್ತು ಹೋತಲ್ರಿ ಮಾಸ್ತರ" ಎಂದರು. ಉಕ್ಕಿಗೆ ಕುಡಿಸಿದ ನೀರು ಕಾವಿಗೆ ಹೋಗಿಬಿಡುತ್ತದೆ. ಒಣಹುಲ್ಲಿನ ಬಣ್ಣದವರೆಗೆ ಬದುಕು, ನೀಲಿಯಾದರೆ ಉಕ್ಕು ಮೆತ್ತಗಾಗಿ ಬಾಯಿ ನಿಲ್ಲುವುದಿಲ್ಲ. ಆದ್ದರಿಂದಲೇ ಸಾಣೆಯ ಪಕ್ಕದಲ್ಲಿ ನೀರಿನ ಬಟ್ಟಲು. ಮುಟ್ಟಿಸು, ಅದ್ದು, ಮತ್ತೆ ಮುಟ್ಟಿಸು. ಕೊನೆಯ ಮಸೆತ ಕೈಕಲ್ಲಿನ ಮೇಲೆಯೇ. ಹಿಡಿಗಳಿಗೆ ಅವರು ಕುಸುಬಿ ಎಣ್ಣೆ ಸವರುತ್ತಾರೆ. ಆ ಎಣ್ಣೆ ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುವುದರಿಂದ ಹಿಡಿಯ ಮರಕ್ಕೆ ಒಳ್ಳೆಯದು. ಅದನ್ನೇ ತಿರುಗುವ ಮೊಳೆಗೆ ಹಾಕಿದರೆ ಅಂಟಾಗಿ ಕೂಡುತ್ತದೆ.

ಮೂರನೆಯ ದಿನ ಬೇವಿನ ತುಂಡು ಸಿಕ್ಕಿತು. ಅದೂ ನೇರವಾಗಿ ಕಡಚಲಿಗಲ್ಲ. ಮೊದಲು ಸೀಳಿದೆಯೇ ಎಂದು ನೋಡಿ, ಬಾಚಿಯಿಂದ ಮೂಲೆಗಳನ್ನು ಕೆತ್ತಿ, ಎರಡು ತುದಿಗಳ ನಡುವನ್ನು ಗುರುತು ಮಾಡಬೇಕು. ಮೊಮ್ಮಗ ಹಗ್ಗ ಎಳೆದ. ಮರ ನನ್ನ ಕಡೆಗೆ ತಿರುಗುವಾಗ ಉಳಿ ಒಡ್ಡುವುದು, ಹಿಂದಿರುಗುವಾಗ ಕೂದಲೆಳೆಯಷ್ಟು ಹಿಂದೆಗೆಯುವುದು. ಅರ್ಧ ಕಾಲ ಕೆಲಸ, ಅರ್ಧ ಕಾಲ ಬಿಡುವು. ಆ ಬಿಡುವಿನಲ್ಲಿ ಕೈ ಹಿಂದೆಗೆಯಲು ನಾನು ಮರೆತೆ. ಉಳಿ ಸಿಕ್ಕಿಕೊಂಡು ತುಂಡು ಎಗರಿ ಗೋಡೆಗೆ ಬಡಿಯಿತು. ಹುಡುಗ ಜೋರಾಗಿ ನಕ್ಕ. ನನ್ನ ತರಗತಿಯ ನಗು ನೆನಪಾಯಿತು.

ಅವರ ಮನೆಯಲ್ಲಿ ಮೋಟಾರಿನ ಲೇತೂ ಇದೆ. ಮಂಚ, ಕುರ್ಚಿಗಳ ಕೆಲಸವೆಲ್ಲ ಅದರ ಮೇಲೆ. ಹಗ್ಗದ ಕಡಚಲನ್ನು ಏಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದೆ. ಮುತ್ಯಾ ಮಾತಾಡದೆ ಮೂಲೆಯಿಂದ ಒಂದು ಉದ್ದ ಕೋಲನ್ನು ತಂದು ಮೊಳೆಗಳ ನಡುವೆ ಸಿಕ್ಕಿಸಿದರು. ಹಗ್ಗ ಸುತ್ತಿದರು. ಸಂಜೆಯ ಹೊತ್ತಿಗೆ ಅದು ಕಡೆಗೋಲಿನ ರೂಪಕ್ಕೆ ಬಂದಿತ್ತು. ಒಂದು ಮನೆಯವರು ಹೇಳಿ ಮಾಡಿಸಿಕೊಂಡದ್ದಂತೆ.

"ನಿಮ್ಮ ಮನ್ಯಾಗ ಮಜ್ಜಗಿ ಹ್ಯಾಂಗ ಮಾಡ್ತಾರ್ರಿ ಮಾಸ್ತರ?" ಎಂದು ಕೇಳಿದರು.

ಮಿಕ್ಸರಿನಲ್ಲಿ ಎಂದೆ.